ಏಳನೇ ನಿಲುಗಡೆ

ಕನ್ನಡಕದಂಗಡಿಯ ಹಿಂಭಾಗದಲ್ಲಿ, ಪರದೆಯ ಆಚೆಗೆ, ಅವಳ ಮೇಜು. ಲೆನ್ಸಿನ ಅಂಚು ಉಜ್ಜಿ ಫ್ರೇಮಿಗೆ ಕೂರಿಸುವುದು, ಸಡಿಲವಾದ ಕಡ್ಡಿ ಬಿಗಿ ಮಾಡುವುದು, ಕಳಚಿಬಿದ್ದ ಮೂಗಿನ ಪ್ಯಾಡು ಹಾಕಿಕೊಡುವುದು ಅವಳ ಕೆಲಸ. ಗಿರಾಕಿಗಳ ಜೊತೆ ಮಾತಾಡುವುದು ಮಾಲೀಕರ ಕೆಲಸ. ಆ ಮಂಗಳವಾರ ಮಾಲೀಕರು ಹಲ್ಲುನೋವೆಂದು ಡಾಕ್ಟರ ಹತ್ತಿರ ಹೋಗಿದ್ದರಿಂದ ಅವಳೇ ಮುಂದೆ ಬಂದು ಕೂತಿದ್ದಳು.

ಬಂದವರು ಒಬ್ಬ ಶಾಲಾ ಟೀಚರ್. ಕನ್ನಡಕದ ಎಡಗಡೆಯ ಕಡ್ಡಿ ಹೊರಕ್ಕೆ ಸೊಟ್ಟಗಾಗಿ, ಒಂದು ಕಣ್ಣಿನ ಗಾಜು ಹುಬ್ಬಿನ ಮೇಲಕ್ಕೆ ಹೋಗಿತ್ತು.

"ಬಿದ್ರಾ?" ಎಂದು ಕೇಳಿದಳು.

"ಇಲ್ಲಮ್ಮ, ಕೊಂಬೆ ತಾಗಿತು. ಭಾನುವಾರ ನಾವು ಟೀಚರ್‌ಗಳೆಲ್ಲ ಸೇರಿ ಆ ಹಳೇ ಕಾಡಿಗೆ ಹೋಗಿದ್ವಿ. ಕೊಡಲಿನೇ ಬಿದ್ದಿಲ್ಲ ಅಂತಾರಲ್ಲ, ಆ ಕಾಡಿಗೆ. ನೀವು ನೋಡಿದ್ದೀರಾ?"

"ತುಂಬಾ ಹಿಂದೆ ಒಂದು ಸಲ."

"ಈಗ ಹೋಗಿ. ಮರ ಬಿಡಿ, ಕತ್ತು ನೋಯೋವರೆಗೂ ನೋಡಬಹುದು. ಆ ಗೈಡ್ ಹೇಳೋ ಕತೆ ಇದೆ ನೋಡಿ, ಅದನ್ನ ಕೇಳಬೇಕು." ಟೀಚರ್ ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡರು. "ಏಳನೇ ನಿಲುಗಡೆ ಅಂತ ಒಂದು ಬರುತ್ತೆ. ಅಲ್ಲಿ ಮೊದಲು ಇನ್ನೊಬ್ಬ ಗೈಡ್ ಇದ್ದನಂತೆ. ತುಂಬಾ ತಿಳಿದವನು, ಆದ್ರೆ ಜಂಬ. ಜನರಿಗೆ ಅಂತ ಹಗ್ಗ ಕಟ್ಟಿದ್ರೆ, 'ಹಗ್ಗ ಇರೋದು ನಿಮಗೆ, ನನಗಲ್ಲ' ಅಂತ ಹೇಳಿ ಅದನ್ನ ದಾಟಿ ಮರದ ಬುಡಕ್ಕೆ ಹೋಗಿ ನಿಂತನಂತೆ. ಮೇಲಿಂದ ಒಣಗಿದ ಕೊಂಬೆ." ಅವರು ಗಾಜಿನ ಮೇಜಿನ ಮೇಲೆ ಅಂಗೈ ತಟ್ಟಿದರು. "ಅಲ್ಲೇ ಹೋದ. ನಿನ್ನೆ ಪ್ರಾರ್ಥನೆ ಹೊತ್ತಲ್ಲಿ ಮಕ್ಕಳಿಗೂ ಹೇಳಿದೆ. ಒಂದಾದ್ರೂ ಮಗು ಮಿಸುಕಾಡಲಿಲ್ಲ."

ಅವಳು ಕಡ್ಡಿಯನ್ನು ಬಿಸಿಗಾಳಿಗೆ ಹಿಡಿದು, ಮೆತ್ತಗಾದ ಮೇಲೆ ಹೆಬ್ಬೆರಳಿನಿಂದ ಒತ್ತುತ್ತಿದ್ದಳು. ಬಿಸಿ ಬೆರಳಿಗೆ ತಾಗಿದ್ದು ತಡವಾಗಿ ಗೊತ್ತಾಯಿತು.

"ಹಗ್ಗ ಇರೋದು ನಿಮಗೆ, ನನಗಲ್ಲ ಅಂತ ಅವರು ಹೇಳಿದ್ರಂತಾ?"

"ಹೂಂ. ಗೈಡ್ ಅದನ್ನ ಹಾಗೇ ಅವನ ಥರಾನೇ ಹೇಳಿ ತೋರಿಸ್ತಾನೆ. ಒಳ್ಳೆ ಗಟ್ಟಿ ದನಿ ಅವನದು. ಕಿವಿ ಪಕ್ಕದಲ್ಲಿ ಇಷ್ಟು ದೊಡ್ಡ ಮಚ್ಚೆ."

ಅವಳು ಕನ್ನಡಕವನ್ನು ಟೀಚರ್ ಮುಖಕ್ಕೆ ಇಟ್ಟು, ಕಿವಿಯ ಹಿಂದೆ ಎರಡೂ ಕಡೆ ಬೆರಳಾಡಿಸಿ ನೋಡಿದಳು. ಎರಡು ಗಾಜೂ ಒಂದೇ ಸಮಕ್ಕೆ ಬಂದಿದ್ದವು. "ಎಲ್ಲಾದ್ರೂ ಒತ್ತುತ್ತಾ?" ಎಂದು ಕೇಳಿದಳು. ಟೀಚರ್ ಇಲ್ಲವೆಂದು ತಲೆಯಾಡಿಸಿ, ಕನ್ನಡಿಯಲ್ಲಿ ನೋಡಿಕೊಂಡು, ಖುಷಿಯಾಗಿ ಹೋದರು.

ಆ ಜಂಬದ ಗೈಡ್ ಅವಳ ಗಂಡ. ಸತ್ತು ನಾಲ್ಕು ವರ್ಷವಾಗಿತ್ತು. ಕಿವಿ ಪಕ್ಕ ಮಚ್ಚೆ ಇದ್ದವನನ್ನು ಅವಳು ಎಷ್ಟು ಸಲ ತನ್ನ ಕೈಯಾರೆ ಬಡಿಸಿ ಉಣ್ಣಿಸಿದ್ದಳೋ ಲೆಕ್ಕವಿಲ್ಲ.

ಆ ಮಚ್ಚೆಯ ಹುಡುಗನಿಗೆ ಕೆಲಸಕ್ಕೆ ಸೇರಿದ ಹೊಸದರಲ್ಲಿ ದನಿಯೇ ಇರಲಿಲ್ಲ. ಎದುರಿಗೆ ನಿಂತವರಿಗೆ ಕೇಳಿಸಿದರೆ ಹೆಚ್ಚು. ಅವಳ ಗಂಡ ಅವನಿಗೆ ಪಿಸು ಎಂದು ಹೆಸರಿಟ್ಟ; ಆಫೀಸಿನವರಿಗೂ ಅದೇ ಗಟ್ಟಿಯಾಯಿತು. ರಜೆಯ ದಿನ ಅವನನ್ನು ಮನೆಗೆ ಕರೆಸಿ, ಮೂರನೇ ಮಹಡಿಯ ಮೆಟ್ಟಿಲ ಹತ್ತಿರ ನಿಲ್ಲಿಸಿ, ತಾನು ಕೆಳಗೆ ರಸ್ತೆಯಲ್ಲಿ ನಿಂತು, "ಪಾಚಿ ಬಗ್ಗೆ ಹೇಳು, ನನಗೆ ಕೇಳಿಸಬೇಕು" ಎನ್ನುತ್ತಿದ್ದ. ಪಿಸು ಪಾಚಿಯ ಬಗ್ಗೆ ಕೂಗುತ್ತಿದ್ದ. ಎರಡನೇ ಮಹಡಿಯವರು ಬಾಗಿಲು ತೆಗೆದು, "ನಮಗೆ ಪಾಚಿ ವಿಷಯ ಎಲ್ಲಾ ತಿಳೀತು, ಇನ್ನು ಸಾಕು ಮಾಡ್ರಪ್ಪ" ಎಂದು ಬೇಡಿಕೊಂಡಿದ್ದರು. ಅಭ್ಯಾಸ ಮುಗಿದ ಮೇಲೆ ಊಟ. ಪಿಸು ಗಂಡನನ್ನು ಅಣ್ಣ ಎನ್ನುತ್ತಿದ್ದ, ಅವಳನ್ನು ಅತ್ತಿಗೆ, ಅವಳ ಅತ್ತೆಯನ್ನು ಅಮ್ಮ. ಮೂರು ವರ್ಷ ಹೀಗೇ ನಡೆಯಿತು.

ಏಳನೇ ನಿಲುಗಡೆಯ ದೊಡ್ಡ ಮರದಲ್ಲಿ ಒಂದು ಒಣಗಿದ ಕೊಂಬೆ ಮುರಿದು, ಕೆಳಕ್ಕೂ ಬೀಳದೆ, ಕವಲಿನಲ್ಲಿ ಸಿಕ್ಕಿಕೊಂಡು ನೇತಾಡುತ್ತಿತ್ತು. ಅದನ್ನು ಇಳಿಸಿ, ಇಲ್ಲವೇ ದಾರಿಯನ್ನು ಪಕ್ಕಕ್ಕೆ ತಿರುಗಿಸಿ ಎಂದು ಗಂಡ ಮೂರು ಸಲ ಬರೆದುಕೊಟ್ಟ. ಸಂರಕ್ಷಿತ ಕಾಡಿನಲ್ಲಿ ಒಣಕೊಂಬೆಯೂ ಸಂರಕ್ಷಿತವೇ, ಮುಟ್ಟುವ ಹಾಗಿಲ್ಲ ಎಂದು ಮೇಲಧಿಕಾರಿ ಉತ್ತರ ಕೊಟ್ಟರು. ಕಡೆಗೆ ಗಂಡ ಮನೆಯಲ್ಲಿ ಬಟ್ಟೆ ಒಣಗಿಸಲು ತಂದಿಟ್ಟಿದ್ದ ಹಳದಿ ಹಗ್ಗವನ್ನೇ ಒಯ್ದು ಮರದ ಬುಡದ ಸುತ್ತ ಕಟ್ಟಿದ. "ನನ್ನ ಹಗ್ಗ ಎಲ್ಲಿ?" ಎಂದು ಅವಳು ಜಗಳವಾಡಿದ್ದಳು.

ಹಗ್ಗ ಕಟ್ಟಿದ ಹನ್ನೆರಡನೇ ದಿನ ಆ ಕೊಂಬೆ ಬಿತ್ತು. ಗಂಡ ಗುಂಪಿನ ಮುಂದಿದ್ದ, ಪಿಸು ಹಿಂದಿದ್ದ.

ಅದಾದ ಎರಡನೇ ದಿನ ಪಿಸು ಮನೆಗೆ ಬಂದು, ಅಡುಗೆಮನೆಯ ಫ್ರಿಜ್ಜಿಗೆ ಒರಗಿ ನಿಂತು, ಅಳುತ್ತಾ ಅವಳಿಗೆ ಹೇಳಿದ್ದ. ಯಾರೋ ಒಬ್ಬ ಮರದ ಬುಡದಲ್ಲಿ ನಿಂತು ಫೋಟೋ ತೆಗೆಯಲೆಂದು ಹಗ್ಗದಾಚೆಗೆ ಹೋದ. ಮುಂದಿದ್ದ ಅಣ್ಣ ತಿರುಗಿ ನೋಡಿದ, ಓಡಿಬಂದ, ಅವನನ್ನು ಆಚೆಗೆ ತಳ್ಳಿದ. ಅಷ್ಟರಲ್ಲಿ ಕೊಂಬೆ ಜಾರಿತು. "ಅಣ್ಣ ತಳ್ಳದಿದ್ರೆ ಅವನು ಹೋಗ್ತಿದ್ದ, ಅತ್ತಿಗೆ" ಎಂದ.

ಮತ್ತೆ ಎಂಟು ದಿನಕ್ಕೆ ಆಫೀಸಿನಲ್ಲಿ ವಿಚಾರಣೆ ನಡೆಯಿತು. ಅಲ್ಲಿ ಪಿಸು ಹೇಳಿದ್ದೇ ಬೇರೆ: ಗೈಡ್ ತಾನಾಗಿಯೇ ಹಗ್ಗ ದಾಟಿ ಹೋಗಿದ್ದ. ಮೇಲಧಿಕಾರಿ ಆ ಹಾಳೆಯನ್ನು ಅವಳ ಮುಂದೆ ತಿರುಗಿಸಿ ತೋರಿಸಿದರು. ಕೆಳಗೆ ಪಿಸುವಿನ ಸಹಿ ಇತ್ತು. ತನಗೆ ಅವನು ಹೇಳಿದ್ದನ್ನೆಲ್ಲ ಅವಳು ಹೇಳಿದಳು. "ಅಡುಗೆಮನೇಲಿ ಹೇಳಿದ್ದು ಸಾಕ್ಷಿ ಆಗಲ್ಲಮ್ಮ" ಎಂದರು ಅವರು, ಬೇಸರದಿಂದಲ್ಲ, ಸಮಾಧಾನ ಹೇಳುವವರ ಹಾಗೆ. ಗುಂಪಿನಲ್ಲಿದ್ದ ಉಳಿದವರು ತಿರುವಿನ ಆಚೆಗಿದ್ದರು; ಯಾರೂ ಏನೂ ನೋಡಿರಲಿಲ್ಲ. ಗಂಡ ಬರೆದುಕೊಟ್ಟ ಮೂರು ಕಾಗದಗಳು ಕಡತದಲ್ಲಿ ಸಿಗಲಿಲ್ಲ. ಪಿಸು ಮತ್ತೆ ಮನೆಯ ಕಡೆ ತಲೆಹಾಕಲಿಲ್ಲ.

ಇವೆಲ್ಲಕ್ಕಿಂತ ಅವಳಿಗೆ ನುಂಗಲಾಗದೆ ಹೋದದ್ದು ಮನೆಯೊಳಗಿನ ಮಾತು. ಅತ್ತೆ ಆಫೀಸಿನ ಕಾಗದವನ್ನು ನಂಬಿಬಿಟ್ಟರು. "ಸಣ್ಣವನಿದ್ದಾಗಲೂ ಅಷ್ಟೇ. ಬೇಡ ಅಂದ ಕಡೆಗೇ ಹೋಗಬೇಕು. ನನ್ನ ಮಾತು ಕೇಳಿದ್ನಾ, ಹಗ್ಗದ ಮಾತು ಕೇಳೋಕೆ?" ಎಂದು ದಿನಕ್ಕೊಂದು ಸಲವಾದರೂ ಅನ್ನುತ್ತಿದ್ದರು. ಅವಳು ಪಿಸು ಹೇಳಿದ್ದನ್ನು ತಿಳಿಸಿದಾಗ, "ನೀನು ಅಲ್ಲಿದ್ಯಾ? ಇದ್ದವನು ಬರೆದುಕೊಟ್ಟಿದ್ದಾನಲ್ಲ" ಎಂದು ಬಾಯಿ ಮುಚ್ಚಿಸಿದರು. ಅತ್ತೆ ಸೊಸೆ ಇಬ್ಬರೇ ಇದ್ದ ಮನೆ. ಊಟಕ್ಕೆ ಕೂತಾಗ, ಬಟ್ಟೆ ಮಡಿಸುವಾಗ, ಅತ್ತೆ ಸತ್ತ ಮಗನನ್ನು ಬೈಯುತ್ತಿದ್ದರು. ಅವಳು ಕೇಳಿಸಿಕೊಳ್ಳುತ್ತಿದ್ದಳು. ನಾಲ್ಕು ವರ್ಷದಲ್ಲಿ ಅದು ಗಡಿಯಾರದ ಸದ್ದಿನ ಹಾಗೆ ಅಭ್ಯಾಸವಾಗಿಹೋಗಿತ್ತು.

ಟೀಚರ್ ಹೋದ ಮೇಲೆ ಅದು ಮತ್ತೆ ಕೇಳಿಸತೊಡಗಿತು. ಬುಧವಾರ ರಾತ್ರಿ ಊಟದ ಹೊತ್ತಿಗೆ ಅತ್ತೆ, "ಜಂಬ ಇತ್ತು ಅವನಿಗೆ" ಎಂದರು. ಯಾವತ್ತೂ ಆಡುವ ಮಾತೇ. ಅವಳು ತಟ್ಟೆ ಬಿಟ್ಟು ಎದ್ದಳು. ಗುರುವಾರ ಅಂಗಡಿಗೆ ರಜೆ ಹಾಕಿ, ಅತ್ತೆಗೆ ಕೆಲಸಕ್ಕೆ ಹೋಗುತ್ತೇನೆಂದು ಹೇಳಿ, ಕಾಡಿನ ಬಸ್ಸು ಹತ್ತಿದಳು.

ಟಿಕೆಟ್ ಕೋಣೆಯಲ್ಲಿ ಎರಡು ಉದ್ದನೆಯ ಬೆಂಚುಗಳಿದ್ದವು. ಗೋಡೆಯ ಮೇಲೆ ಕಾಡಿನ ನಕ್ಷೆ, ಅದರಲ್ಲಿ ಒಂದರಿಂದ ಎಂಟರವರೆಗೆ ಅಂಕಿ ಬರೆದ ಕೆಂಪು ಚುಕ್ಕೆಗಳು. ಹೊರಗಿನ ಬೀಜ, ಬೂಷ್ಟು ಒಳಗೆ ಹೋಗಬಾರದೆಂದು ಬಾಗಿಲಲ್ಲಿ ಔಷಧಿ ನೀರಿನ ತಟ್ಟೆ ಇಟ್ಟಿದ್ದರು; ಎಲ್ಲರೂ ಅದರಲ್ಲಿ ಶೂ ಅದ್ದಿ ನಿಲ್ಲಬೇಕು. ಅವಳೂ ನಿಂತಳು. ಗುಂಪಿನಲ್ಲಿ ಒಂಬತ್ತು ಜನ. ಅಗಲ ಅಂಚಿನ ಟೋಪಿ ಹಾಕಿದ್ದ ಹಿರಿಯರೊಬ್ಬರು ಹೆಂಡತಿಗೆ ನಕ್ಷೆ ತೋರಿಸಿ, ತಾವು ಮೊದಲೇ ಬಂದವರೆಂಬುದು ಎಲ್ಲರಿಗೂ ತಿಳಿಯುವಷ್ಟು ಜೋರಾಗಿ ವಿವರಿಸುತ್ತಿದ್ದರು.

ಪಿಸು ಹಸಿರು ಜಾಕೆಟ್ ಹಾಕಿ, ಕೊರಳಿಗೆ ಸೀಟಿ ನೇತುಹಾಕಿಕೊಂಡು ಬಂದ. ಮೈ ತುಂಬಿಕೊಂಡಿದ್ದ. ಬೆರಳು ತೋರಿಸಿ ತಲೆ ಎಣಿಸುತ್ತಾ ಬಂದವನು ಎಂಟರಲ್ಲಿ ನಿಂತುಬಿಟ್ಟ. ಬೆರಳು ಅವಳ ಕಡೆಗೇ ಇತ್ತು. ಆಮೇಲೆ ಅದನ್ನು ಇಳಿಸಿ, "ಒಂಬತ್ತು" ಎಂದ. "ಮೇಡಂ, ನಿಮ್ಮ ಶೂ ಲೇಸ್ ಬಿಚ್ಚಿದೆ. ಕಟ್ಟಿಕೊಳ್ಳಿ."

ಅವಳು ಬಗ್ಗಿ ಕಟ್ಟಿಕೊಂಡಳು.

ದಾರಿ ಹಲಗೆಯದು. ಜಾರದಿರಲೆಂದು ಹಲಗೆಗಳ ಮೇಲೆ ತಂತಿಬಲೆ ಹೊಡೆದಿದ್ದರು. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ರಸ್ತೆಯ ಸದ್ದು ನಿಂತಿತು. ಮರಗಳ ಬುಡ ಒಂದು ಕೋಣೆಯಷ್ಟು ಅಗಲ. ತೊಗಟೆಯ ಬಿರುಕುಗಳಲ್ಲಿ ಕೈ ಮಣಿಕಟ್ಟಿನವರೆಗೂ ಇಳಿಯುತ್ತಿತ್ತು. ಬಿಸಿಲು ಎಲ್ಲೋ ಬಹಳ ಮೇಲಿತ್ತು. ಕೆಳಗೆ ಹಸಿಮಣ್ಣಿನ, ಕೊಳೆತ ಮರದ ವಾಸನೆ. ಗಂಡ ಮನೆಗೆ ಬಂದಾಗ ಅವನ ಅಂಗಿಯಲ್ಲಿ ಇರುತ್ತಿದ್ದ ವಾಸನೆ ಅದೇ. ಅವಳು ಬಾಯಿಂದ ಉಸಿರಾಡುತ್ತಾ ನಡೆದಳು.

ಎರಡನೇ ನಿಲುಗಡೆಯಲ್ಲಿ ಪಿಸು ಒಂದು ಮರಕ್ಕೆ ಅಂಗೈ ಇಟ್ಟು ಹೇಳಿದ: "ಇದಕ್ಕೆ ಒಂಬೈನೂರು ವರ್ಷ. ನಮ್ಮ ಮನೆಯ ಅತ್ತೆಗಿಂತ ಸ್ವಲ್ಪ ದೊಡ್ಡದು." ಎಲ್ಲರೂ ನಕ್ಕರು. ಅದು ಅವಳ ಗಂಡನ ಜೋಕು. ಸ್ವಂತ ತಾಯಿಯ ಮೇಲೆ, ಹೆಂಡತಿಯ ಬಾಯಿಂದ ಹೇಳಿಸಿದಂತೆ ಕಟ್ಟಿದ್ದ. ಗೊತ್ತಾದಾಗ ಅವಳು, "ನನ್ನ ತಲೆಗೆ ಕಟ್ಟಬೇಡಿ" ಎಂದು ಗದರಿದ್ದಳು.

ನಾಲ್ಕನೆಯದರಲ್ಲಿ ಉರುಳಿಬಿದ್ದ ದೊಡ್ಡ ಮರವೊಂದರ ಬೆನ್ನ ಮೇಲೆ ಎಳೆಯ ಗಿಡಗಳು ಸಾಲಾಗಿ ಎದ್ದಿದ್ದವು. "ಇದು ಸತ್ತಿಲ್ಲ, ನಿವೃತ್ತಿಯಾಗಿದೆ. ಆದ್ರೂ ಮನೆಮಂದಿ ಎಲ್ಲಾ ಇದರ ಮೇಲೇ ಕೂತು ತಿಂತಿದ್ದಾರೆ" ಎಂದ ಪಿಸು. ಗಂಡ ಎಲ್ಲಿ ಉಸಿರು ತೆಗೆದುಕೊಳ್ಳುತ್ತಿದ್ದನೋ ಅಲ್ಲೇ ಉಸಿರು ತೆಗೆದುಕೊಂಡ. ಎಲ್ಲಿ ಕೈ ಎತ್ತುತ್ತಿದ್ದನೋ ಅಲ್ಲೇ ಎತ್ತಿದ. ಹುಡುಗ ಪಾಠವನ್ನು ಚೆನ್ನಾಗಿ ಕಲಿತಿದ್ದ. ಜನ ನಗುತ್ತಿದ್ದರು.

ಆರನೆಯದು ಮುಗಿದ ಮೇಲೆ ಅವನು ಬಿರುಸಾಗಿ ನಡೆಯತೊಡಗಿದ. "ಇಲ್ಲಿ ದಾರಿ ಸ್ವಲ್ಪ ಜಾರುತ್ತೆ, ನಿಲ್ಲದೆ ಮುಂದೆ ಹೋಗೋಣ" ಎಂದು ತಿರುಗದೆಯೇ ಹೇಳಿದ.

"ನಿಲ್ಲಿ ನಿಲ್ಲಿ," ಎಂದರು ಟೋಪಿಯವರು. "ಏಳನೇದು ಇದೇ ಅಲ್ವಾ? ಹೋದ ಸಲ ಕತೆ ಹೇಳಿದ್ರಿ. ನಮ್ಮ ಮನೆಯವರಿಗೆ ಅದನ್ನ ಕೇಳಿಸಬೇಕು ಅಂತಲೇ ಕರ್ಕೊಂಡು ಬಂದಿದ್ದೀನಿ."

"ಇವತ್ತು ಹೊತ್ತಾಗಿದೆ, ಸರ್."

"ಎರಡು ನಿಮಿಷದ ಕತೆ. ಟಿಕೆಟ್ ಎಂಟು ನಿಲುಗಡೆಗೆ ಕೊಟ್ಟಿದ್ದೀರಿ."

ಪಿಸು ನಿಂತ. ಹಗ್ಗ ಇದ್ದ ಕಡೆ ಈಗ ಸೊಂಟದೆತ್ತರದ ಕಬ್ಬಿಣದ ಕಂಬಿ ಹಾಕಿದ್ದರು. ಅದರಾಚೆ ಆ ಕೊಂಬೆ ಬಿದ್ದಲ್ಲೇ ಇತ್ತು. ಅದನ್ನು ಯಾರೂ ಮುಟ್ಟಿರಲಿಲ್ಲ. ಅವಳಿಗಿಂತ ದಪ್ಪ, ಮೂರು ಆಳು ಉದ್ದ, ಒಂದು ಮಗ್ಗುಲಿಗೆ ಪಾಚಿ ಕಟ್ಟಿತ್ತು. ಅದನ್ನು ಅವಳು ಮೊದಲ ಸಲ ನೋಡಿದ್ದು.

ಅವನು ಅವಳ ಕಡೆ ಒಮ್ಮೆ ನೋಡಿದ. ಹೇಳಲಾರನೆಂದು ಅವಳು ಎಣಿಸಿದಳು. ಅವನು ಕೆಮ್ಮಿ ಗಂಟಲು ಸರಿಮಾಡಿಕೊಂಡು ಶುರುಮಾಡಿದ. ಮೊದಲ ಎರಡು ಮಾತು ತೊದಲಿತು. ಆಮೇಲೆ ಕತೆ ತನ್ನ ದಾರಿ ಹಿಡಿಯಿತು. ಜನ ಹತ್ತಿರಕ್ಕೆ ಸರಿದರು, ಅವರು ಸರಿದ ಹಾಗೆ ಅವನ ದನಿ ಏರಿತು. 'ಹಗ್ಗ ಇರೋದು ನಿಮಗೆ, ನನಗಲ್ಲ' ಎನ್ನುವಾಗ ಎದೆ ಉಬ್ಬಿಸಿ, ಗದ್ದ ಎತ್ತಿದ. ಅವಳ ಗಂಡ ಯಾವತ್ತೂ ಹಾಗೆ ಗದ್ದ ಎತ್ತಿ ಮಾತಾಡಿದವನಲ್ಲ. ಕೊಂಬೆ ಬೀಳುವಲ್ಲಿ ಪಿಸು ಕಂಬಿಯ ಮೇಲೆ ಅಂಗೈ ಹೊಡೆದ. ಕಬ್ಬಿಣ ಝಣ್ಣೆಂದಿತು.

"ನೋಡಿದ್ಯಾ?" ಎಂದರು ಟೋಪಿಯವರು ಹೆಂಡತಿಗೆ. "ತಾನಾಗಿ ತಂದುಕೊಂಡಿದ್ದು. ಅಂಥವರಿಗೆ ಹಾಗೇ ಆಗೋದು."

"ಪಾಪ, ಹೆಂಡತಿ ಇದ್ದಳೋ ಏನೋ," ಎಂದರು ಹೆಂಡತಿ.

ಬಸ್ಸಿನಲ್ಲಿ ಬರುವಾಗ ಅವಳು ಒಂದು ಮಾತನ್ನು ಜೋಡಿಸಿ ಇಟ್ಟುಕೊಂಡಿದ್ದಳು: ಅವರು ನನ್ನ ಗಂಡ, ಇವನು ಸುಳ್ಳು ಹೇಳುತ್ತಿದ್ದಾನೆ. ಈಗ ಸುತ್ತ ನಿಂತವರ ಮುಖ ನೋಡಿದಳು. ಎಲ್ಲರಿಗೂ ಕತೆ ಹಿಡಿಸಿತ್ತು. ತಾನು ಬಾಯಿ ಬಿಟ್ಟರೆ ಅದನ್ನೂ ಇದೇ ಮುಖದಲ್ಲಿ ಕೇಳುತ್ತಾರೆ, ಮನೆಗೆ ಹೋಗಿ ಅಕ್ಕಪಕ್ಕದವರಿಗೆ ಹೇಳುತ್ತಾರೆ, ಆ ಹೆಂಗಸೂ ಅಲ್ಲೇ ಇದ್ದಳು ಗೊತ್ತಾ, ಎಂದು. ಜೋಡಿಸಿಟ್ಟ ಮಾತನ್ನು ಅವಳು ಕೈಬಿಟ್ಟಳು.

"ಒಂದು ಕೇಳಬಹುದಾ?" ಎಂದಳು.

"ಕೇಳಿ, ಮೇಡಂ."

"ಆ ಹಗ್ಗ ಕಟ್ಟಿದ್ದು ಯಾರು?"

ಪಿಸು ಕಂಬಿಯಿಂದ ಕೈ ತೆಗೆದ. "ಆಫೀಸಿನವರು."

"ಯಾವ ಬಣ್ಣದ್ದು?"

ಟೋಪಿಯವರು ಇದೆಂಥ ಪ್ರಶ್ನೆ ಎನ್ನುವಂತೆ ಅವಳನ್ನು ನೋಡಿದರು.

"ಅವರು ದಾಟಿದ್ದನ್ನ ನೀವೇ ನೋಡಿದ್ರಾ?"

"ನೋಡಿದೆ. ನಾನು ಹಿಂದೆ ಇದ್ದೆ."

"ಅವರೊಬ್ಬರೇ ದಾಟಿದ್ದಾ?"

ಅವನು ಸೀಟಿಯನ್ನು ಕೈಯಲ್ಲಿ ಹಿಡಿದುಕೊಂಡ. "ಮುಂದೆ ಹೋಗೋಣ," ಎಂದು ಎಲ್ಲರಿಗೂ ಹೇಳಿದ. "ಎಂಟನೇದಕ್ಕೆ ಇನ್ನು ಹತ್ತು ನಿಮಿಷ."

ಕಾಡಿನಿಂದ ಹೊರಬರುವ ಕಡೆ ಶೂ ಉಜ್ಜಲು ನಲ್ಲಿ, ಬ್ರಷ್ಷು ಇದ್ದವು. ಉಳಿದವರು ತೊಳೆದುಕೊಂಡು ಹೋಗುವವರೆಗೂ ಅವಳು ಒಂದೇ ಶೂವನ್ನು ಉಜ್ಜುತ್ತಾ ನಿಂತಳು. ಪಿಸು ಬಂದು ಎರಡು ಹೆಜ್ಜೆ ದೂರದಲ್ಲಿ ನಿಂತ.

"ಅತ್ತಿಗೆ."

"ಇಷ್ಟು ಹೊತ್ತು ಮೇಡಂ ಆಗಿದ್ದೆನಲ್ಲ."

"ಆಫೀಸಿಂದ ಬರೆದು ಕೊಟ್ಟಿದ್ದಾರೆ. ಏಳನೇ ನಿಲುಗಡೇಲಿ ಇದನ್ನೇ ಹೇಳಬೇಕು ಅಂತ. ಹೇಳಿದ್ರೆ ಜನ ಕಂಬಿ ದಾಟಲ್ಲ ಅಂತ."

"ಹಗ್ಗ ಇರೋದು ನಿಮಗೆ, ನನಗಲ್ಲ. ಅದನ್ನೂ ಬರೆದು ಕೊಟ್ಟಿದ್ದಾರಾ?"

ಪಿಸು ನಲ್ಲಿಯನ್ನು ನೋಡಿದ. ಅದು ತೊಟ್ಟಿಕ್ಕುತ್ತಿತ್ತು, ಬಗ್ಗಿ ಬಿಗಿ ಮಾಡಿದ. "ಇಲ್ಲ. ಅದು ನಾನು ಸೇರಿಸಿದ್ದು."

"ಯಾಕೆ?"

"ಬರೆದಿದ್ದನ್ನ ಓದಿದ ಹಾಗೆ ಹೇಳಿದ್ರೆ ಯಾರೂ ಕೇಳ್ತಿರಲಿಲ್ಲ. ಫೋನ್ ನೋಡ್ಕೊಂಡು ನಿಂತಿರ್ತಿದ್ರು. ಒಂದು ದಿನ ಬಾಯಿಗೆ ಬಂತು, ಹೇಳಿದೆ. ಎಲ್ಲಾ ತಲೆ ಎತ್ತಿದ್ರು." ಸೀಟಿಯನ್ನು ಜಾಕೆಟ್ಟಿನೊಳಗೆ ಸೇರಿಸಿಕೊಂಡು, "ಆಮೇಲೆ ಬಿಡೋಕಾಗಲಿಲ್ಲ" ಎಂದ.

ಅವಳು ಬ್ರಷ್ಷನ್ನು ಹಿಡಿದುಕೊಂಡೇ ಇದ್ದಳು. ಅದರಿಂದಲೇ ಅವನ ಬಾಯಿಗೆ ಹೊಡೆಯಬೇಕೆನಿಸಿತು.

"ವಿಚಾರಣೇಲಿ ಯಾಕೆ ಹಾಗೆ ಹೇಳಿದೆ? ಕೆಲಸ ಹೋಗುತ್ತೆ ಅಂತಾನಾ?"

"ಅದೂ ಹೌದು." ಅವನ ದನಿ ಇಳಿದಿತ್ತು. "ಇನ್ನೊಂದಿದೆ. ಅವತ್ತು ಅಡುಗೆಮನೇಲಿ ನಿಮಗೆ ಪೂರ್ತಿ ಹೇಳಲಿಲ್ಲ. ಆ ಮನುಷ್ಯ ನನ್ನನ್ನ ಕೇಳಿದ್ದ, ಒಂದೇ ಒಂದು ಫೋಟೋ, ಹೋಗಲಾ ಅಂತ. ಅಣ್ಣ ಉಳಿದವರನ್ನ ಮುಂದೆ ಬಿಟ್ಟು ತಿರುವಿನ ಹತ್ತಿರ ನಿಂತಿದ್ರು. ಬೇಗ ಹೋಗಿ ಬನ್ನಿ ಅಂದೆ. ಹಗ್ಗ ಎತ್ತಿ ಹಿಡಿದಿದ್ದು ನಾನೇ, ಅತ್ತಿಗೆ."

ಆಫೀಸಿನ ಒಳಗಿಂದ ಯಾರೋ ಅವನನ್ನು ಕೂಗಿದರು. ಅವನು ಹೋಗಲಿಲ್ಲ. ಬೈಸಿಕೊಳ್ಳಲು ತಯಾರಾಗಿ ನಿಂತಿದ್ದ. ಅದನ್ನು ಕಂಡೇ ಅವಳು ಬೈಯಲಿಲ್ಲ. ಬೈದರೆ ಅವನಿಗೆ ಹಗುರವಾಗುತ್ತದೆ. ಆ ಸುಖವನ್ನು ಕೊಡಲು ಅವಳಿಗೆ ಮನಸ್ಸಾಗಲಿಲ್ಲ.

"ಆಫೀಸಿಗೆ ಹೇಳಬೇಡ, ಪೇಪರಿಗೆ ಹೇಳಬೇಡ," ಎಂದಳು. "ಇಲ್ಲಿ ಬರೋರಿಗೆ ಏನು ಬೇಕಾದ್ರೂ ಹೇಳ್ಕೊ. ಅತ್ತೆ ಹತ್ತಿರ ಬಂದು ನಿಜ ಹೇಳು. ಅಷ್ಟು ಮಾಡು. ನಾಲ್ಕು ವರ್ಷದಿಂದ ದಿನಾ ಮಗನ್ನ ಬೈತಿದ್ದಾರೆ. ಅದನ್ನ ಕೇಳ್ಕೊಂಡು ಇರೋಕೆ ನನ್ನಿಂದ ಇನ್ನು ಆಗಲ್ಲ."

"ಎಲ್ಲಾನೂ ಹೇಳಬೇಕಾ?"

"ನಿನಗೆ ಗೊತ್ತು."

"ಭಾನುವಾರ ಬರ್ತೀನಿ" ಎಂದ ಪಿಸು.

ಬರುವುದಿಲ್ಲವೆಂದೇ ಅವಳು ತಿಳಿದಿದ್ದಳು. ಆದರೆ ಭಾನುವಾರ ಹನ್ನೊಂದು ಗಂಟೆಗೆ ಸರಿಯಾಗಿ ಬಾಗಿಲು ತಟ್ಟಿದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಹಣ್ಣಿನ ಚೀಲ. ಅತ್ತೆಗೆ ಅವನನ್ನು ಕಂಡು ಹಿಡಿಸಲಾರದಷ್ಟು ಸಂತೋಷ. "ಬಾರೋ, ಬಾ. ದಾರಿ ಮರೆತುಹೋಯ್ತಾ? ಹೆದರಿಕೊಂಡಿದ್ದೆ ಅಂತ ನನಗೆ ಗೊತ್ತು ಬಿಡು. ಯಾರಾದ್ರೂ ಹೆದರ್ತಾರೆ, ಕಣ್ಣೆದುರಿಗೇ ಅಂಥದ್ದು ನೋಡಿದ್ರೆ." ಅವನನ್ನು ಮಗ ಕೂರುತ್ತಿದ್ದ ಕುರ್ಚಿಯಲ್ಲೇ ಕೂರಿಸಿದರು. ಮದುವೆ ಆಯಿತೇ, ಯಾಕೆ ಆಗಿಲ್ಲ, ಸಕ್ಕರೆ ಎಷ್ಟು ಎಂದೆಲ್ಲ ಕೇಳಿದರು. ಅವಳು ಟೀ ತಂದಿಟ್ಟು, ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಳು.

"ಅಮ್ಮ, ನಿಮಗೊಂದು ಹೇಳಬೇಕಿತ್ತು," ಎಂದ ಪಿಸು. ಬಿಸ್ಕತ್ತಿನ ತಟ್ಟೆಯನ್ನೇ ನೋಡುತ್ತಾ ಹೇಳಿದ. ಕಾಡಿನಲ್ಲಿ ಹೇಳುತ್ತಿದ್ದ ಹಾಗಲ್ಲ. ಒಂದೊಂದೇ ಮಾತು, ಮಧ್ಯೆ ಮಧ್ಯೆ ನಿಂತು. ಅಣ್ಣ ತಾನಾಗಿ ಹಗ್ಗ ದಾಟಲಿಲ್ಲ. ಹಗ್ಗ ಕಟ್ಟಿದ್ದೇ ಅಣ್ಣ. ಯಾರೋ ಒಬ್ಬ ಫೋಟೋಗೆ ಅಂತ ಒಳಗೆ ಹೋಗಿದ್ದ. ಅವನನ್ನು ತಳ್ಳೋಕೆ ಅಣ್ಣ ಓಡಿದ್ದು. ನಾನು ವಿಚಾರಣೆಯಲ್ಲಿ ಸುಳ್ಳು ಹೇಳಿದೆ.

ಅಲ್ಲಿಗೆ ನಿಲ್ಲಿಸಿ ಟೀ ಲೋಟ ಎತ್ತಿಕೊಂಡ.

ಅತ್ತೆ ಮಡಿಲಲ್ಲಿದ್ದ ಟವೆಲನ್ನು ನಾಲ್ಕಾಗಿ ಮಡಿಸಿದರು, ಬಿಚ್ಚಿದರು.

"ಅವನು ಯಾರು?" ಎಂದು ಕೇಳಿದರು.

"ಗೊತ್ತಿಲ್ಲ ಅಮ್ಮ. ಹೆಸರು ಬರೆಸ್ಕೊಳ್ತಿರಲಿಲ್ಲ ಆಗ. ಸ್ಟ್ರೆಚರ್ ಬರೋ ಹೊತ್ತಿಗೆ ಹೊರಟುಹೋಗಿದ್ದ."

"ಅವನಿಗೆ ಏಟಾಯ್ತಾ?"

"ಮೊಣಕೈ ತರಚಿತ್ತು."

"ಆಮೇಲೆ ಯಾವತ್ತಾದ್ರೂ ಬಂದು ಕೇಳಿದ್ನಾ? ಉಳಿದ್ರಾ ಅವರು, ಅಂತ?"

"ಇಲ್ಲ."

"ಫೋಟೋ ಸಿಕ್ತಾ ಅವನಿಗೆ?"

ಪಿಸು ತಲೆ ಎತ್ತಿದ. "ಅದು ನನಗೆ ಗೊತ್ತಿಲ್ಲ ಅಮ್ಮ."

ಅತ್ತೆ ಸೊಸೆಯ ಕಡೆ ತಿರುಗಿದರು. ಅವಳು ಈ ಗಳಿಗೆಯನ್ನು ನಾಲ್ಕು ವರ್ಷ ಎಷ್ಟೋ ರೀತಿ ಕಲ್ಪಿಸಿಕೊಂಡಿದ್ದಳು. ಅತ್ತೆ ಅಳುತ್ತಾರೆ, ಮಗನ ಹೆಸರು ಹಿಡಿದು ಕರೆಯುತ್ತಾರೆ, ನನ್ನ ಕೈ ಹಿಡಿದುಕೊಳ್ಳುತ್ತಾರೆ, ಎಂದು.

"ನೀನು ಕರೆಸಿದ್ಯಾ ಇವನನ್ನ?"

"ಹೌದು."

"ಯಾಕೆ?"

"ನಿಜ ನಿಮಗೆ ತಿಳೀಲಿ ಅಂತ. ಅವರದು ತಪ್ಪಿರಲಿಲ್ಲ ಅಂತ."

"ತಪ್ಪಿಲ್ಲದೆ ಸತ್ತ ಅಂತ ತಿಳಿದು ನಾನೇನು ಮಾಡಲಿ?" ಅತ್ತೆಯ ದನಿ ಏರಲಿಲ್ಲ. "ಹಟ ಮಾಡಿ ಹೋದ ಅಂದ್ಕೊಂಡಿದ್ದೆ. ದಿನಾ ಬೈತಿದ್ದೆ. ಬೈಯೋಕಾದ್ರೂ ನನಗೆ ಮಗ ಅಂತ ಇದ್ದ. ಈಗ ಯಾವನೋ ದಾರೀಲಿ ಹೋಗೋನು, ಪಟ ತೆಗೆಸ್ಕೊಂಡು ಮನೆಗೆ ಹೋದ, ಅವನಿಗೋಸ್ಕರ ಸತ್ತ ಅಂತೀರಿ. ಅವನು ಈಗ ಎಲ್ಲೋ ಕೂತು ಊಟ ಮಾಡ್ತಿದ್ದಾನೆ. ಹೆಸರಿಲ್ಲ, ಮುಖ ಇಲ್ಲ. ನಾನು ಯಾರನ್ನ ಬೈಲಿ ಇನ್ನು?"

ಅವಳು ಪಿಸುವನ್ನು ನೋಡಿದಳು. ಬೈಯಲು ಒಬ್ಬ ಮನುಷ್ಯ ಬೇಕಿತ್ತು. ಅವನು ಅಲ್ಲೇ, ಅತ್ತೆಯ ಕೈಗೆಟುಕುವಷ್ಟು ದೂರದಲ್ಲಿ ಕೂತಿದ್ದ. ಅವನಿಗೂ ಅದು ಗೊತ್ತಿತ್ತು. ಎದ್ದು ಲೋಟವನ್ನು ತಾನೇ ಒಯ್ದು ಸಿಂಕಿನಲ್ಲಿಟ್ಟು ಬಂದು, "ಬರ್ತೀನಿ ಅಮ್ಮ" ಎಂದ.

ಅತ್ತೆ ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಆಗ ಅತ್ತರು. "ನೀನಾದ್ರೂ ಬಂದು ಹೇಳ್ಬೇಕು ಅಂದ್ಕೊಂಡ್ಯಲ್ಲ. ಎಷ್ಟು ಜನಕ್ಕಿದೆ ಆ ಧೈರ್ಯ? ಒಳ್ಳೆ ಹುಡುಗ ಕಣೋ ನೀನು. ಬರ್ತಾ ಇರು."

ಅವಳು ಹೇಳಬಹುದಿತ್ತು. ಒಂದೇ ಮಾತು ಸಾಕಿತ್ತು. ಆದರೆ ಮುದುಕಿ ಆ ಕೈಯನ್ನು ಹಿಡಿದಿದ್ದ ರೀತಿ ನೋಡಿದಳು; ಬೆರಳುಗಳು ಬಿಳಚಿಕೊಂಡಿದ್ದವು. ಮೆಟ್ಟಿಲವರೆಗೆ ಅವನ ಹಿಂದೆ ಹೋಗಿ, "ಅರ್ಧ ಉಳಿಸ್ಕೊಂಡೆ" ಎಂದಳು.

"ಬಾಯಿ ಬರಲಿಲ್ಲ, ಅತ್ತಿಗೆ. ಇನ್ನೊಂದು ಸಲ ಬಂದಾಗ ಹೇಳ್ತೀನಿ."

"ಹೋಗು" ಎಂದಳು.

ಅತ್ತೆ ಅಂದಿನಿಂದ ಮಗನನ್ನು ಬೈಯುವುದನ್ನು ನಿಲ್ಲಿಸಿದರು. ಅವನ ಮಾತನ್ನೇ ಎತ್ತಲಿಲ್ಲ. ಊಟಕ್ಕೆ ಕೂತಾಗ ಚಮಚದ ಸದ್ದು ಮಾತ್ರ ಇರುತ್ತಿತ್ತು. ಮೂರು ವಾರ ಕಳೆದ ಮೇಲೆ, ಮಗಳ ಮನೆಗೆ ಹೋಗಿ ಇರುತ್ತೇನೆಂದು ಪೆಟ್ಟಿಗೆ ಕಟ್ಟಿದರು. "ನಿನ್ನ ಮೇಲೆ ಕೋಪ ಇಲ್ಲ," ಎಂದರು ಹೊರಡುವಾಗ. "ನಿನ್ನ ಮುಖ ನೋಡಿದ್ರೆ ಆ ಫೋಟೋದವನ ಯೋಚನೆ ಬರುತ್ತೆ. ಏನು ಮಾಡಲಿ?" ಅವಳೇ ಪೆಟ್ಟಿಗೆಯನ್ನು ಮೂರು ಮಹಡಿ ಇಳಿಸಿ, ನಾದಿನಿಯ ಗಂಡನ ಕಾರಿನಲ್ಲಿಟ್ಟಳು.

ವಾರಕ್ಕೊಮ್ಮೆ ಫೋನ್ ಮಾಡುತ್ತಾಳೆ. ಮೊದಮೊದಲು ಅತ್ತೆ ಎರಡು ಮಾತಾಡಿ ಇಡುತ್ತಿದ್ದರು. ಮೊನ್ನೆ ಸ್ವಲ್ಪ ಗೆಲುವಾಗಿದ್ದರು.

"ಪಿಸು ಬಂದಿದ್ದ," ಎಂದರು. "ಇದು ಮೂರನೇ ಸಲ. ಹಣ್ಣು ತಂದಿದ್ದ. ಒಂದು ಗಂಟೆ ಕೂತಿದ್ದು ನನ್ನ ಹತ್ತಿರ ಮಾತಾಡಿ ಹೋದ. ಸ್ವಂತ ಮಗನೂ ಅಷ್ಟು ಕೂರ್ತಿರಲಿಲ್ಲ."

"ಏನು ಹೇಳಿದ?" ಎಂದು ಕೇಳಿದಳು.

"ಏನಿರುತ್ತೆ, ಅದೂ ಇದೂ. ನೀನಂತೂ ಬರಲ್ಲ."

"ಅಂಗಡೀಲಿ ಕೆಲಸ, ಅತ್ತೆ."

"ಗೊತ್ತು ಬಿಡು. ಅವನಾದ್ರೂ ಬರ್ತಾನೆ."

"ಬರಲಿ," ಎಂದು ಅವಳು ಫೋನ್ ಇಟ್ಟು, ಒಬ್ಬಳಿಗೆ ಎಷ್ಟು ಬೇಕೋ ಅಷ್ಟು ನೀರು ಒಲೆಯ ಮೇಲಿಟ್ಟಳು.